ಲೈನ್ ಪೆಟ್ಟಿಗೆಗಳು

"ಇವನ್ನು ಯಾರೂ ಮುಟ್ಟಬೇಡಿ. ಮಳೆಗಾಲ ಮುಗಿದ ಮೇಲೆ ನಾನೇ ಬಂದು ಎತ್ತುತ್ತೇನೆ."

ಮೇ ತಿಂಗಳ ಕೊನೆಯಲ್ಲಿ ನೆಲ್ಯಹುದಿಕೇರಿಯ ಹಳೆಯ ಫೋಟೊ ಸ್ಟುಡಿಯೊ ಒಂದರ ಒಳಕೋಣೆಯಲ್ಲಿ ನಿಂತು ಹೀಗೆ ಹೇಳಿದವಳು ನಾನು. ಹಳೆಯ ಫೋಟೊಗಳನ್ನೂ ನೆಗೆಟಿವ್‌ಗಳನ್ನೂ ಕೆಡದಂತೆ ಕಾಪಾಡುವುದು ನನ್ನ ಕಸುಬು. ಗೊತ್ತಿಲ್ಲದವರ ಕೈ ತಾಗಿ ಹಾಳಾಗುವುದೇ ಹೆಚ್ಚು. ಅದಕ್ಕೇ ಹೋದ ಕಡೆಯಲ್ಲೆಲ್ಲ ಮೊದಲು ಈ ಮಾತು ಹೇಳುವುದು ನನಗೆ ರೂಢಿಯಾಗಿತ್ತು.

ಕೊಡಗಿನ ಚರಿತ್ರೆಯನ್ನು ಹಳೆಯ ಫೋಟೊಗಳಲ್ಲಿ ಹೇಳುವ ಪುಸ್ತಕ ತರಬೇಕೆಂದು ಕೆಲವರು ಸೇರಿ ಸಮಿತಿ ಮಾಡಿಕೊಂಡಿದ್ದರು. ಅಧ್ಯಕ್ಷರು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ನಾನು ಮೈಸೂರಿನಲ್ಲಿದ್ದರೂ ಹುಟ್ಟಿದ್ದು ಸೋಮವಾರಪೇಟೆ ಕಡೆ. ಊರಿನವಳೇ ಆಗಲಿ ಎಂದು ನನ್ನನ್ನು ಕರೆಸಿದರು. ಮಾರ್ಚ್, ಏಪ್ರಿಲ್ ಪೂರ್ತಿ ನಾಪೋಕ್ಲು, ಮಡಿಕೇರಿ ಕಡೆಯ ದೊಡ್ಡ ಮನೆಗಳ ಆಲ್ಬಮ್‌ಗಳ ಮುಂದೆ ಕಳೆದೆ. ಬೇಟೆಯ ಗುಂಪು, ಮದುವೆಯ ಗುಂಪು, ಬಂಗಲೆಯ ಮೆಟ್ಟಿಲ ಮೇಲೆ ಎಸ್ಟೇಟಿನ ಸಾಹೇಬರು, ಹೊಸ ಕಾರಿನ ಪಕ್ಕ ಮನೆಯ ಯಜಮಾನರು. ಎಸ್ಟೇಟಿನ ಲೈನ್ ಮನೆಗಳ ಸಾಲಿನಲ್ಲಿ ಇದ್ದುಕೊಂಡು ತೋಟದಲ್ಲಿ ದುಡಿದವರು ಆ ಫೋಟೊಗಳಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕೊಡೆ ಹಿಡಿದ ಒಂದು ಕೈ, ಕುದುರೆಯ ಹಗ್ಗ ಹಿಡಿದ ಅರ್ಧ ಮೈ, ಅಷ್ಟು ಇರುತ್ತಿತ್ತು.

ಇದನ್ನು ಅಧ್ಯಕ್ಷರಿಗೆ ಹೇಳಿದಾಗ, "ಲೈನ್‌ನೋರ ಫೋಟೊನ ಆ ಕಾಲದಲ್ಲಿ ಯಾರಮ್ಮ ತೆಗೆದಿರ್ತಾರೆ?" ಎಂದರು.

ತೆಗೆದವರೊಬ್ಬರು ಇದ್ದರು. ಬಸ್ಸಿನಲ್ಲಿ ಪಕ್ಕ ಕುಳಿತ ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ಒಬ್ಬ ನಿವೃತ್ತ ರೈಟರ್ ಆ ಸ್ಟುಡಿಯೊದ ದಾರಿ ಹೇಳಿಕೊಟ್ಟರು.

ಸ್ಟುಡಿಯೊ ಮುಚ್ಚಿ ಹತ್ತು ವರ್ಷವಾಗಿತ್ತು. ಅದರ ಯಜಮಾನರಿಗೆ ಎಪ್ಪತ್ತಾರು ವರ್ಷ. ಹದಿನೈದರಲ್ಲಿ ಕಣ್ಣೂರಿನಿಂದ ಬಂದು ಇಲ್ಲೇ ಉಳಿದವರು. ಮಲಯಾಳದಲ್ಲಿ ಅಣ್ಣ ಎಂದ ಹಾಗೆ ಊರೆಲ್ಲ ಅವರನ್ನು ಇಕ್ಕ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಒಳಕೋಣೆಯಲ್ಲಿ ಇಪ್ಪತ್ತಮೂರು ತಗಡಿನ ಪೆಟ್ಟಿಗೆಗಳಿದ್ದವು. ಐದರ ಮೇಲೆ ಕೆಂಪು ಬಣ್ಣದಲ್ಲಿ ‘ಲೈನ್’ ಎಂದು ಬರೆದಿತ್ತು. ಉಳಿದವುಗಳಲ್ಲಿ ಒಂದು ಹೊಳೆಗೆ ಸೇತುವೆ ಕಟ್ಟಿದ್ದರದ್ದು, ಒಂದು ಬಂಗಲೆಗಳದ್ದು, ಮಿಕ್ಕವು ಹೆಚ್ಚಾಗಿ ಮದುವೆಗಳದ್ದು. ವರ್ಷಕ್ಕೊಮ್ಮೆ, ಕಾಫಿ ಹಣ್ಣಿನ ಪಿಕಿಂಗ್ ಮುಗಿದು ಕೆಲಸದವರ ಕೈಯಲ್ಲಿ ನಾಲ್ಕು ಕಾಸು ಇರುವಾಗ, ಇಕ್ಕ ಕ್ಯಾಮೆರಾ ಹೊತ್ತು ಸುತ್ತಲಿನ ಎಸ್ಟೇಟುಗಳಿಗೆ ನಡೆದು ಹೋಗುತ್ತಿದ್ದರಂತೆ. ಕಾಫಿ ಒಣಗಿಸುವ ಕಣದಲ್ಲಿ ಒಂದು ಬಿಳಿ ದುಪ್ಪಟಿ ಕಟ್ಟಿ, ಅದರ ಮುಂದೆ ಮನೆಮನೆಯವರನ್ನು ನಿಲ್ಲಿಸಿ ತೆಗೆಯುತ್ತಿದ್ದರು. ಮೂವತ್ತು ವರ್ಷ ಹಾಗೆ ಮಾಡಿದ್ದರು.

ಒಂದು ಪೆಟ್ಟಿಗೆ ತೆಗೆದು ನೋಡಿದೆ. ಹುಳಿಯ ಘಾಟು ಬಂತು. ಫಿಲಂ ಹಳತಾಗಿ ಕೆಡತೊಡಗಿದಾಗ ಬರುವ ವಾಸನೆ ಅದು. ಬಟರ್ ಪೇಪರಿನ ಕವರುಗಳ ಮೇಲೆ ನಂಬರು ಮಾತ್ರ ಇತ್ತು. ಯಾವ ನಂಬರು ಯಾರದು ಎಂಬುದು ದಪ್ಪ ರಿಜಿಸ್ಟರುಗಳಲ್ಲಿತ್ತು. ಎಷ್ಟೋ ನಂಬರುಗಳು ಮಾಸಿಹೋಗಿ, ಕವರು ಯಾವ ಸಾಲಿನಲ್ಲಿದೆ ಎಂಬುದರಿಂದಲೇ ಗುರುತು ಹಿಡಿಯಬೇಕಾಗಿತ್ತು.

"ಮಳೆ ಬರ್ತದೆ ಮೇಡಮ್," ಎಂದರು ಇಕ್ಕ. "ಮಗಳ ಮನೆ ಮೇಲೆ ಗುಡ್ಡದಲ್ಲಿ ಉಂಟು. ಜೀಪಲ್ಲಿ ಹಾಕಿ ಅಲ್ಲಿಗೆ ಸಾಗಿಸ್ಲಾ?"

ಬೇಡ ಎಂದೆ. ಜೀಪಿನ ಕುಲುಕಾಟಕ್ಕೆ ಫಿಲಂ ಸೀಳುತ್ತದೆ, ಸಾಲು ತಪ್ಪಿದರೆ ರಿಜಿಸ್ಟರು ಇದ್ದೂ ಇಲ್ಲದಂತಾಗುತ್ತದೆ ಎಂದು ವಿವರಿಸಿದೆ. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಕಾವೇರಿ ಆ ಕೋಣೆಯ ಹಿಂದಿನ ಗೋಡೆಯಿಂದ ಕೂಗಳತೆಯಲ್ಲಿ ಹರಿಯುತ್ತಿತ್ತು. ಅದನ್ನು ಕಿಟಕಿಯಿಂದ ನೋಡಿ, ಚೆನ್ನಾಗಿದೆ ಎಂದುಕೊಂಡು ಬಂದಿದ್ದೆ.

ಆಗಸ್ಟಿನಲ್ಲಿ ಹೊಳೆ ಉಕ್ಕಿತು. ಮೈಸೂರಿನಲ್ಲಿ ಟಿ.ವಿ. ನೋಡುತ್ತ ಕುಳಿತು ಇಕ್ಕನ ಫೋನಿಗೆ ಎಷ್ಟು ಸಲ ಮಾಡಿದೆನೋ, ಸಿಗಲಿಲ್ಲ. ನಾಲ್ಕನೆಯ ದಿನ ಅವರ ಮಗಳೇ ಮಾಡಿದಳು. ಅಂಗನವಾಡಿಯಲ್ಲಿ ಕೆಲಸ ಮಾಡುವ ಹೆಂಗಸು. "ಉಪ್ಪ ಚೆನ್ನಾಗಿದ್ದಾರೆ ಅಕ್ಕ. ನೀರು ಇಳೀತು. ಪೆಟ್ಟಿಗೆ ಎಲ್ಲ ಇಟ್ಟಲ್ಲೇ ಉಂಟು. ಒಳಗೆ ಕೆಸರು."

ಮಾರನೆಯ ದಿನ ರಸ್ತೆ ತೆರೆದ ಕೂಡಲೇ ಹೊರಟೆ. ಹೊಳೆದಂಡೆಯ ಮನೆಗಳು ಇದ್ದ ಜಾಗದಲ್ಲಿ ಅಡಿಪಾಯದ ಗುರುತೂ ಉಳಿದಿರಲಿಲ್ಲ. ಅಲ್ಲಿನವರೆಲ್ಲ ಶಾಲೆಯಲ್ಲಿ ತೆರೆದ ಪರಿಹಾರ ಕೇಂದ್ರದಲ್ಲಿದ್ದರು. ಸ್ಟುಡಿಯೊದ ಗೋಡೆಯಲ್ಲಿ ನನ್ನ ತಲೆಗಿಂತ ಎತ್ತರಕ್ಕೆ ನೀರಿನ ಗೆರೆ ಇತ್ತು. ಇಕ್ಕ ಬಾಗಿಲಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದರು.

"ನೀವು ಮುಟ್ಟಬೇಡಿ ಅಂದಿದ್ರಲ್ಲ ಮೇಡಮ್. ನಾನು ಮುಟ್ಲೇ ಇಲ್ಲ," ಎಂದರು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ವಹಿಸಿದ ಕೆಲಸ ಸರಿಯಾಗಿ ಮಾಡಿದ್ದೇನೆ ಎಂದು ವರದಿ ಒಪ್ಪಿಸಿದ ಹಾಗೆ ಹೇಳಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಚಪ್ಪಲಿ ಬಿಚ್ಚಿ ಕೆಸರಿಗಿಳಿದೆ.

ಅಟ್ಟದ ಮೇಲಿದ್ದ ಆರು ಪೆಟ್ಟಿಗೆಗಳಿಗೆ ಏನೂ ಆಗಿರಲಿಲ್ಲ. ಅವೆಲ್ಲ ಕೊನೆಕೊನೆಯ ಕಲರ್ ಫಿಲಮ್ಮಿನ ಮದುವೆಗಳು, ಅವುಗಳ ಪ್ರಿಂಟು ಎಲ್ಲರ ಮನೆಯಲ್ಲೂ ಇರುತ್ತದೆ. ಹದಿನೇಳು ಮುಳುಗಿದ್ದವು.

ನೆನೆದ ಫಿಲಮ್ಮನ್ನು ಕಂಡವರು ಮೊದಲು ಮಾಡುವ ಕೆಲಸ ಬಿಸಿಲಿಗೆ ಹಾಕುವುದು. ಅದನ್ನು ಮಾಡಬಾರದು. ಫಿಲಮ್ಮಿನ ಮೇಲೆ ಚಿತ್ರ ಹಿಡಿದಿಟ್ಟುಕೊಳ್ಳುವ ಪದರ ಒಂದು ಬಗೆಯ ಅಂಟು. ಒಂದರ ಮೇಲೊಂದು ಕೂತು ಒಣಗಿದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಆಮೇಲೆ ಬಿಡಿಸಲು ಬರುವುದಿಲ್ಲ. ಒದ್ದೆಯಾಗಿಯೇ, ತಣ್ಣಗೇ ಇಟ್ಟುಕೊಂಡು ಒಂದೊಂದನ್ನೇ ಬಿಡಿಸಿ ತೊಳೆಯಬೇಕು. ಹಾಗಂತ ನೀರಿನಲ್ಲಿ ಬಹಳ ದಿನ ಇಡುವಂತೆಯೂ ಇಲ್ಲ. ಪದರ ಮೆತ್ತಗಾಗಿ, ಹಾಲಿನ ಕೆನೆಯ ಹಾಗೆ ಜಾರಿ ಬಂದುಬಿಡುತ್ತದೆ. ಮುಳುಗಿ ಆಗಲೇ ಐದು ದಿನವಾಗಿತ್ತು. ನೀರು ತಣ್ಣಗಿದ್ದದ್ದರಿಂದ ಇನ್ನು ಏಳೆಂಟು ದಿನ ತಡೆದೀತು ಎಂದು ಅಂದಾಜು ಮಾಡಿದೆ.

ಎಲ್ಲವನ್ನೂ ಗುಡ್ಡದ ಮೇಲಿನ ಮಗಳ ಮನೆಗೆ ಸಾಗಿಸಿದೆವು. ಮೇ ತಿಂಗಳಲ್ಲಿ ನಾನು ಬೇಡ ಎಂದಿದ್ದ ಅದೇ ಮನೆಗೆ, ಅದೇ ಜೀಪಿನಲ್ಲಿ. ಜಗಲಿಯಲ್ಲಿ ಬಟ್ಟೆ ಒಗೆಯುವ ಟಬ್ಬುಗಳನ್ನು ಸಾಲಾಗಿಟ್ಟೆವು. ಸಿದ್ದಾಪುರದ ಮೀನಿನ ವ್ಯಾಪಾರಿಯಿಂದ ಐಸ್ ತರಿಸಿದೆವು. ಇಕ್ಕ ಪಟಿಕ ಕರಗಿಸಿದ ನೀರು ಮಾಡಿಕೊಂಡರು. ಪದರ ಸ್ವಲ್ಪ ಗಟ್ಟಿಯಾಗಲೆಂದು ಹಳೆಯ ಸ್ಟುಡಿಯೊದವರು ಮಾಡುತ್ತಿದ್ದ ಉಪಾಯ ಅದು. ಮಗಳು ಕವರು ಬಿಡಿಸುವುದು, ನಾನು ತೊಳೆಯುವುದು, ಇಕ್ಕ ಪಟಿಕದ ನೀರಿನಲ್ಲಿ ಅದ್ದಿ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕುವುದು. ಮೊದಲು ಕೈಗೆ ಸಿಕ್ಕಿದ ಒಂದು ಮದುವೆಯ ಪೆಟ್ಟಿಗೆಯಿಂದ ಶುರುಮಾಡಿದೆವು. ಬೆಳಿಗ್ಗೆ ಆರರಿಂದ ಬೆಳಕು ಇರುವವರೆಗೆ ದುಡಿದರೂ ಮೊದಲ ದಿನ ಅರ್ಧ ಪೆಟ್ಟಿಗೆ ಮುಗಿಯಲಿಲ್ಲ. ಬಿಡಿಸಿದ್ದರಲ್ಲಿ ಮೂರಕ್ಕೊಂದು ಕೈಯಲ್ಲೇ ಹೋಯಿತು. ಚಿತ್ರ ನನ್ನ ಹೆಬ್ಬೆರಳಿಗೆ ಅಂಟಿಕೊಂಡು ಬರುತ್ತಿತ್ತು, ಫಿಲಂ ಗಾಜಿನಂತೆ ಖಾಲಿಯಾಗಿ ಉಳಿಯುತ್ತಿತ್ತು.

ರಿಜಿಸ್ಟರುಗಳು ಅದಕ್ಕಿಂತ ಮೊದಲೇ ಹೋಗಿದ್ದವು. ಇಂಕ್ ಪೆನ್ನಿನಲ್ಲಿ ಬರೆದ ಪುಟಗಳೆಲ್ಲ ನೀಲಿ ಮೋಡಗಳಾಗಿದ್ದವು.

ಎರಡನೆಯ ದಿನ ಪರಿಹಾರ ಕೇಂದ್ರದಿಂದ ಒಬ್ಬ ಹೆಂಗಸು ಗುಡ್ಡ ಹತ್ತಿ ಬಂದಳು. ಐವತ್ತು ದಾಟಿದವಳು. ಲೈನ್‌ನಲ್ಲಿ ಹುಟ್ಟಿ, ಲೈನ್‌ನಲ್ಲೇ ಮದುವೆಯಾಗಿ, ಆಮೇಲೆ ಹೊಳೆದಂಡೆಯಲ್ಲಿ ಸ್ವಂತದ್ದೊಂದು ಮನೆ ಮಾಡಿಕೊಂಡಿದ್ದವಳು. ಈಗ ಅದು ಇರಲಿಲ್ಲ. ಯಾರೋ ಕೊಟ್ಟ ಸ್ವೆಟರ್ ಹಾಕಿಕೊಂಡಿದ್ದಳು. ಜಗಲಿಯ ಕೆಳಗೇ ನಿಂತು ಇಕ್ಕನನ್ನು ಕೇಳಿದಳು.

"ಅಣ್ಣ, ನನ್ನ ಮಗಳ ಫೋಟೊ ಇದ್ಯಾ?"

ಇಕ್ಕ ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ನನಗೆ ವಿಷಯ ತಿಳಿಸಿದರು. ಇವಳ ಒಬ್ಬಳೇ ಮಗಳು ಎಂಟನೆಯ ವರ್ಷದಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಬದುಕಿದ್ದಾಗ ತೆಗೆಸಿದ್ದು ಒಂದೇ ಫೋಟೊ, ಇಕ್ಕ ಕಣದಲ್ಲಿ ತೆಗೆದದ್ದು. ಪ್ರಿಂಟು ಮನೆಯ ಗೋಡೆಯಲ್ಲಿತ್ತು. ಗೋಡೆ ಹೊಳೆಗೆ ಹೋಗಿತ್ತು.

"ಲೈನ್ ಪೆಟ್ಟಿಗೆಯಲ್ಲಿ ಇರ್ಬೇಕು," ಎಂದರು ಇಕ್ಕ ಅವಳಿಗೆ.

"ಸಿಕ್ಕುತ್ತಾಮ್ಮ?" ಎಂದು ಅವಳು ನನ್ನನ್ನು ಕೇಳಿದಳು.

"ನೋಡೋಣ ಅಕ್ಕ. ಕೈಲಾದದ್ದು ಮಾಡ್ತೀವಿ," ಎಂದೆ. ಅವಳು ಹೋಗಲಿಲ್ಲ. ಸಂಜೆಯವರೆಗೆ ಬಾವಿಯಿಂದ ನೀರು ಸೇದಿ ಸೇದಿ ಟಬ್ಬುಗಳಿಗೆ ತುಂಬಿಸಿದಳು.

ಮೂರನೆಯ ದಿನ ಬೆಳಿಗ್ಗೆ ಲೆಕ್ಕ ಹಾಕಿ ನೋಡಿದೆ. ಇರುವ ದಿನಗಳಲ್ಲಿ ಕೈಯಿಂದ ಎರಡು ಪೆಟ್ಟಿಗೆ ಮಾಡಬಹುದು, ಹೆಚ್ಚೆಂದರೆ ಮೂರು. ಇನ್ನೊಂದು ದಾರಿ ಇತ್ತು. ಒದ್ದೆ ಫಿಲಮ್ಮನ್ನು ಹಾಗೇ ಹೆಪ್ಪುಗಟ್ಟಿಸಿಬಿಟ್ಟರೆ ಕೆಡುವುದು ಅಲ್ಲಿಗೇ ನಿಲ್ಲುತ್ತದೆ. ತಿಂಗಳು ಬಿಟ್ಟು, ಸರಿಯಾದ ಸಲಕರಣೆ ತಂದು, ಸಾವಕಾಶವಾಗಿ ಒಂದೊಂದೇ ಕರಗಿಸಿ ತೊಳೆಯಬಹುದು. ಪುಸ್ತಕಗಳಲ್ಲಿ ಹೇಳುವುದೂ ಹಾಗೆಯೇ. ಮೀನಿನ ವ್ಯಾಪಾರಿ ತನ್ನ ದೊಡ್ಡ ಫ್ರೀಜರಿನಲ್ಲಿ ಐದು ಪೆಟ್ಟಿಗೆಗೆ ಜಾಗ ಕೊಡುತ್ತೇನೆಂದ. ಹಾಗಾದರೆ ಐದು ಐಸಿಗೆ, ಎರಡು ಮೂರು ಕೈಗೆ, ಉಳಿದವನ್ನು ಕೈಬಿಡಬೇಕು.

ಅಷ್ಟರಲ್ಲಿ ಅಧ್ಯಕ್ಷರ ಫೋನು ಬಂತು.

"ಸೇತುವೆ ಕಟ್ಟಿದ್ದರದ್ದು ಇತ್ತು ಅಂದಿದ್ದೆಯಲ್ಲಮ್ಮ, ಅದು ಸಿಕ್ತಾ?"

"ನೀರಲ್ಲಿದೆ ಸರ್."

"ಅದನ್ನ ಮೊದಲು ನೋಡು. ಮಂತ್ರಿಗಳು ಬಂದಿದ್ದು, ಬಂಗಲೆಗಳದ್ದು, ಅವೆಲ್ಲ ದಾಖಲೆ. ಪುಸ್ತಕಕ್ಕೆ ಬೇಕೇಬೇಕು. ಮಿಕ್ಕಿದ್ದನ್ನ ಆಮೇಲೆ ನೋಡಾನ."

ಫೋನಿಟ್ಟು ಇಕ್ಕನಿಗೆ ನನ್ನ ತೀರ್ಮಾನ ಹೇಳಿದೆ. ಸೇತುವೆಯ ಪೆಟ್ಟಿಗೆ ಮತ್ತು ಬಂಗಲೆಯ ಪೆಟ್ಟಿಗೆಯನ್ನು ಈಗಲೇ ಕೈಯಲ್ಲಿ ಮಾಡೋಣ. ಲೈನ್ ಪೆಟ್ಟಿಗೆ ಐದೂ ಫ್ರೀಜರಿಗೆ ಹೋಗಲಿ.

ಇಕ್ಕ ಕೈಯಲ್ಲಿದ್ದ ಕ್ಲಿಪ್ಪನ್ನು ಹಗ್ಗಕ್ಕೆ ಸಿಕ್ಕಿಸಿದರು. "ಲೈನಿನದ್ದೇ ಮೊದಲು ಕೈಯಲ್ಲಿ ಮಾಡಿದ್ರೆ ಆಗ್ತಿತ್ತು ಮೇಡಮ್. ಮೂರಕ್ಕೊಂದು ಹೋದ್ರೂ ಎರಡು ಸಿಗ್ತದೆ. ಕಣ್ಣೆದುರು ಇರ್ತದೆ."

"ಕೈಯಲ್ಲಿ ಮಾಡಿದರೆ ಆ ಮೂರನೆಯದು ಹೋಗುತ್ತಲ್ಲ ಇಕ್ಕ. ಮುಖ್ಯವಾದದ್ದನ್ನೇ ಐಸಿನಲ್ಲಿಡಬೇಕು. ಅಲ್ಲಿ ಒಂದೂ ಕೆಡಲ್ಲ. ಆಮೇಲೆ ನಿಧಾನವಾಗಿ ಎಲ್ಲವನ್ನೂ ತೆಗೀಬಹುದು."

"ನಿಮಗೆ ಗೊತ್ತುಂಟಲ್ಲ. ನೀವು ಕಲಿತವರು," ಎಂದರು.

ನಾನು ಹೇಳಿದ್ದನ್ನು ನಾನು ನಂಬಿದ್ದೆ. ಆದರೆ ಹಾಗೆ ನಂಬುವುದರಿಂದ ಅಧ್ಯಕ್ಷರಿಗೂ ಇಲ್ಲವೆನ್ನಬೇಕಾಗಿರಲಿಲ್ಲ ಎಂಬುದೂ ನಿಜ. ಆ ಫೋನು ಬರದೆ ಇದ್ದಿದ್ದರೆ ಬೇರೆ ತೀರ್ಮಾನ ಮಾಡುತ್ತಿದ್ದೆನೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ.

ಮಧ್ಯಾಹ್ನ ಐದು ಲೈನ್ ಪೆಟ್ಟಿಗೆಗಳ ಫಿಲಮ್ಮನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಸಿದ್ದಾಪುರಕ್ಕೆ ಒಯ್ದೆವು. ಮಗಳ ಫೋಟೊ ಕೇಳಿಕೊಂಡು ಬಂದಿದ್ದ ಹೆಂಗಸೂ ಜೀಪಿನಲ್ಲಿ ಬಂದಳು. ಮಡಿಲಲ್ಲಿ ಎರಡು ಚೀಲ ಇಟ್ಟುಕೊಂಡು ಕೂತಿದ್ದಳು. ಫ್ರೀಜರಿನ ಮುಚ್ಚಳ ಹಾಕುವಾಗ, "ಮೀನಿನ ವಾಸನೆ ಹಿಡಿಯಲ್ವಾಮ್ಮ?" ಎಂದಳು. ಇಲ್ಲ ಎಂದೆ.

ಆಮೇಲಿನ ಐದು ದಿನ ಸೇತುವೆಯನ್ನೂ ಬಂಗಲೆಗಳನ್ನೂ ತೊಳೆದೆವು. ಕೈ ಪಳಗಿತು. ನಾಲ್ಕನೆಯ ದಿನದ ಹೊತ್ತಿಗೆ ಹತ್ತರಲ್ಲಿ ಎಂಟು ಉಳಿಯುತ್ತಿದ್ದವು. ಕಂಬಗಳ ಮೇಲೆ ಕಬ್ಬಿಣದ ತೊಲೆ ಏರಿಸುವುದು, ರಿಬ್ಬನ್ ಕತ್ತರಿಸುವುದು, ಹಾರ ಹಾಕಿಕೊಂಡವರು ಸೇತುವೆಯ ಮೇಲೆ ನಡೆದು ಹೋಗುವುದು, ಎಲ್ಲ ಹಗ್ಗದಲ್ಲಿ ಸಾಲಾಗಿ ಒಣಗಿದವು. ಅಧ್ಯಕ್ಷರಿಗೆ ಮೊಬೈಲಿನಲ್ಲಿ ಕೆಲವನ್ನು ಕಳಿಸಿದೆ. ಅವರಿಗೆ ಬಹಳ ಸಂತೋಷವಾಯಿತು.

ಫ್ರೀಜರಿಗೆ ಇಟ್ಟು ಎಂಟು ದಿನವಾಗಿತ್ತು. ಇನ್ನೊಮ್ಮೆ ಬಿರುಸಾಗಿ ಮಳೆ ಹಿಡಿಯಿತು. ಕಂಬಗಳು ಬಿದ್ದು ಸಿದ್ದಾಪುರದಲ್ಲಿ ಕರೆಂಟು ಹೋಯಿತು, ಫೋನೂ ಹೋಯಿತು. ನಾವು ಗುಡ್ಡದ ಮೇಲೆ ಸೀಮೆಎಣ್ಣೆ ದೀಪ ಹಚ್ಚಿಕೊಂಡೆವು. ಮೀನಿನವನ ಹತ್ತಿರ ಜನರೇಟರು ಇದೆ ಎಂಬ ಧೈರ್ಯ ನನಗೆ. ಮೂರು ದಿನ ಬಿಟ್ಟು ದಾರಿ ಸರಿಯಾದಾಗ ಹೋದೆವು. ಅಂಗಡಿಯ ಹಿಂದೆ ಗುಂಡಿ ತೋಡಿ ಮೀನು ಹೂಳುತ್ತಿದ್ದರು. ವಾಸನೆ ರಸ್ತೆಗೇ ಬರುತ್ತಿತ್ತು.

"ಒಂದು ದಿನ ಓಡಿ ಡೀಸೆಲ್ ಮುಗೀತು," ಎಂದ ವ್ಯಾಪಾರಿ. "ಬಂಕಿನಲ್ಲೂ ಇರ್ಲಿಲ್ಲ. ಹೇಳಿ ಕಳಿಸ್ಲಿಕ್ಕೆ ಜನ ಇರ್ಲಿಲ್ಲ ಇಕ್ಕ." ಅವನ ಕಣ್ಣು ಕೆಂಪಾಗಿತ್ತು. ಅವನನ್ನು ಏನೆಂದು ಕೇಳುವುದು?

ಚೀಲಗಳು ಬೆಚ್ಚಗಿದ್ದವು. ಒಂದನ್ನು ಬಿಚ್ಚಿದೆ. ಹೆಪ್ಪುಗಟ್ಟಿ ಕರಗಿದ ಪದರ ತಳದಲ್ಲಿ ಕಪ್ಪು ಲೋಳೆಯಾಗಿ ನಿಂತಿತ್ತು. ಇಕ್ಕ ಅದರೊಳಗೆ ಕೈ ಹಾಕಿ ಒಂದು ಫಿಲಂ ಎತ್ತಿ ಬೆಳಕಿಗೆ ಹಿಡಿದರು. ಅದರ ಮೂಲಕ ಎದುರಿನ ಅಂಗಡಿಯ ಬೋರ್ಡು ಸ್ವಚ್ಛವಾಗಿ ಕಾಣುತ್ತಿತ್ತು. ಅದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿದರು. ಅದೂ ಹಾಗೇ ಇತ್ತು. ಹಾಗೆ ಎಷ್ಟನ್ನು ನೋಡಿದರೋ. ನಾನು "ಇಕ್ಕ, ಸಾಕು," ಎಂದೆ. ಅವರಿಗೆ ಕೇಳಿಸಲಿಲ್ಲ.

ಮಗಳ ಮನೆಗೆ ಮರಳಿ ತಂದು ನಾಲ್ಕು ದಿನ ಆ ಲೋಳೆಯಲ್ಲಿ ಹುಡುಕಿದೆವು. ಐದು ಪೆಟ್ಟಿಗೆಗಳಲ್ಲಿ, ಮೂವತ್ತು ವರ್ಷದ ಲೈನ್ ಫೋಟೊಗಳಲ್ಲಿ, ಏನಾದರೂ ಕಾಣುವಂಥದ್ದು ನಲವತ್ತೊಂದು ಸಿಕ್ಕಿದವು. ಪೂರ್ತಿ ಉಳಿದದ್ದು ಒಂದೂ ಇಲ್ಲ. ಒಂದರಲ್ಲಿ ಒಬ್ಬ ಗಂಡಸಿನ ಎದೆ ಮತ್ತು ಕೈಗಡಿಯಾರ, ಒಂದರಲ್ಲಿ ಇಬ್ಬರು ಹೆಂಗಸರು ಮತ್ತು ಅವರ ನಡುವೆ ಇದ್ದವರ ಹೆಗಲು. ಯಾರ ಹೆಸರು ಹೇಳಲೂ ರಿಜಿಸ್ಟರು ಇರಲಿಲ್ಲ. ನಾನು ಎಲ್ಲವನ್ನೂ ಸ್ಕ್ಯಾನ್ ಮಾಡಿ ಅಂಗೈಯಗಲದ ಪ್ರಿಂಟು ಹಾಕಿಸಿದೆ. ಒಂದು ಮಧ್ಯಾಹ್ನ ಇಕ್ಕನೂ ನಾನೂ ಅವನ್ನು ಪರಿಹಾರ ಕೇಂದ್ರಕ್ಕೆ ತೆಗೆದುಕೊಂಡು ಹೋದೆವು.

ಶಾಲೆಯ ಬೆಂಚುಗಳ ಮೇಲೆ ಹರಡಿದೆವು. ಜನ ನೂಕಿಕೊಂಡು ಬಂದರು. ಒಬ್ಬ ಮುದುಕ ಕೈಗಡಿಯಾರ ನೋಡಿ ಅಣ್ಣನನ್ನು ಗುರುತು ಹಿಡಿದ. ಅಷ್ಟೇ. ಹೆಚ್ಚಿನವರು ಒಂದು ಸುತ್ತು ಬಂದು, ಇನ್ನೂ ಇದೆಯೇನೋ ಎಂದು ನನ್ನ ಚೀಲದ ಕಡೆ ನೋಡಿ, ಚಾಪೆಗೆ ಹಿಂತಿರುಗಿದರು.

ಆ ಹೆಂಗಸು ಕೊನೆಯಲ್ಲಿ ಬಂದಳು. ಒಂದು ಪ್ರಿಂಟಿನ ಮುಂದೆ ನಿಂತಳು. ಅದರಲ್ಲಿ ಸ್ಟೂಲಿನ ಮೇಲೆ ಕೂರಿಸಿದ ಒಂದು ಹೆಣ್ಣುಮಗು. ಚುಕ್ಕೆ ಫ್ರಾಕು, ಮಂಡಿ, ಒಂದರ ಮೇಲೊಂದು ಇಟ್ಟ ಎರಡು ಪಾದ. ಕತ್ತಿನಿಂದ ಮೇಲೆ ಫಿಲಂ ಖಾಲಿಯಾಗಿತ್ತು, ಪ್ರಿಂಟಿನಲ್ಲಿ ಅದು ಕಪ್ಪಾಗಿ ಬಂದಿತ್ತು.

"ಇವಳೇ," ಎಂದಳು. "ಇವಳೇ ಅಮ್ಮ. ಹಿಂಗೇ ಕೂರೋಳು." ಮಗಳ ಹೆಸರು ಹೇಳಿ, ಪ್ರಿಂಟನ್ನು ಎತ್ತಿ ಸ್ವೆಟರಿಗೆ ಒತ್ತಿಕೊಂಡಳು. ಇಕ್ಕ ಒಂದು ಹೆಜ್ಜೆ ಮುಂದೆ ಬಂದರು, ಮತ್ತೆ ಹಿಂದೆ ಸರಿದು ಕಿಟಕಿಯ ಹತ್ತಿರ ನಿಂತರು.

ಅವಳು ಸ್ವಲ್ಪ ಹೊತ್ತು ಬಿಟ್ಟು ನನ್ನ ಹತ್ತಿರ ಬಂದಳು.

"ಅಮ್ಮ, ಈಗ ಕಂಪ್ಯೂಟರಲ್ಲಿ ಮುಖ ಹಾಕ್ತಾರಂತಲ್ಲ. ಇದಕ್ಕೆ ಮುಖ ಬರಿಸಕ್ಕಾಗುತ್ತಾ?"

"ಇರೋದನ್ನ ಸರಿ ಮಾಡಬಹುದು ಅಕ್ಕ. ಇಲ್ಲದೆ ಇರೋದನ್ನ ತರಕ್ಕೆ ಬರಲ್ಲ. ಬೇರೆ ಯಾರದೋ ಮುಖ ಆಗಿಬಿಡುತ್ತೆ."

"ನನ್ನ ಮುಖ ಹಾಕಿ. ನನ್ನ ಹಂಗೇ ಇದ್ದಳು ಅಂತಿದ್ರು ಎಲ್ಲಾರೂ." ಆಮೇಲೆ ದನಿ ತಗ್ಗಿಸಿದಳು. "ನಂಗೆ ಈಗ ಸರಿಯಾಗಿ ನೆನಪಿಗೆ ಬರ್ತಿಲ್ಲಮ್ಮ. ಗೋಡೇಲಿತ್ತಲ್ಲ, ನೋಡ್ತಿದ್ದೆ. ಫೋಟೊ ಹೋದ ಮೇಲೆ ಕಣ್ಣು ಮುಚ್ಚಿದ್ರೆ ಫ್ರಾಕು ಬರುತ್ತೆ, ಮುಖ ಬರಲ್ಲ."

ಆಗುವುದಿಲ್ಲ ಎಂದೆ. ಅವಳು ತಲೆಯಾಡಿಸಿ, ಪ್ರಿಂಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೋದಳು.

ಗುಡ್ಡ ಹತ್ತುವ ದಾರಿಯಲ್ಲಿ ಇಕ್ಕ ಏದುಸಿರು ಬಿಡುತ್ತ ಒಂದು ಮೋಟುಗೋಡೆಯ ಮೇಲೆ ಕೂತರು. "ಅದು ಆ ಮಗು ಅಲ್ಲ ಮೇಡಮ್," ಎಂದರು. "ಆ ಸ್ಟೂಲು ನಾನು ತಗೊಂಡದ್ದು ಆ ಮಗು ತೀರಿಕೊಂಡ ಮೇಲೆ. ಅದಕ್ಕಿಂತ ಮೊದಲು ಎಲ್ಲರನ್ನೂ ನಿಲ್ಲಿಸಿಯೇ ತೆಗೀತಿದ್ದೆ. ಇದು ಬೇರೆ ಎಸ್ಟೇಟಿನ ಯಾವುದೋ ಮಗು."

"ಅಲ್ಲೇ ಯಾಕೆ ಹೇಳಲಿಲ್ಲ?"

"ಹೇಳಿ ಎಂತ ಮಾಡೋದು? ಅದಲ್ಲ, ಇದು ಅಂತ ಕೊಡ್ಲಿಕ್ಕೆ ಉಂಟಾ ನಮ್ಮ ಹತ್ರ?"

ಕೆಳಗೆ ಹೊಳೆ ಸಾಧುವಾಗಿ ಹರಿಯುತ್ತಿತ್ತು. ಅವರು ಅದರ ಕಡೆ ನೋಡಲಿಲ್ಲ. "ಅವಳ ಮಗಳ ಮುಖ ನನಗಾದ್ರೂ ನೆನಪಿದ್ರೆ ಪೆನ್ಸಿಲಲ್ಲಿ ಬರೆದು ಕೊಡ್ತಿದ್ದೆ. ನೆನಪಿಲ್ಲ. ಯಾರದ್ದೂ ಇಲ್ಲ. ಅಷ್ಟು ಜನರನ್ನು ತೆಗೆದೆ, ನೆನಪಿಡೋ ಕೆಲಸ ಪೆಟ್ಟಿಗೆಗೆ ಬಿಟ್ಟಿದ್ದೆ," ಎಂದರು. ನಾನು ಅವರ ಕೈ ಹಿಡಿದು ಎಬ್ಬಿಸಬೇಕೆಂದು ಹೋದೆ. ಅವರೇ ಗೋಡೆ ಹಿಡಿದು ಎದ್ದರು.

ಪುಸ್ತಕ ಮರುವರ್ಷ ಬಂತು. ಸೇತುವೆ ಕಟ್ಟಿದ ಹದಿನಾರು ಫೋಟೊಗಳಿವೆ, ಒಂದು ರಕ್ಷಾಪುಟದ ಮೇಲೇ ಇದೆ. ಲೈನಿನವರದು ಒಂದನ್ನಾದರೂ ಹಾಕಬೇಕೆಂದು ಕೇಳಿದ್ದೆ. ಮುಖವಿಲ್ಲದ, ಹೆಸರಿಲ್ಲದ ಫೋಟೊ ಹಾಕಿದರೆ ಓದುವವರಿಗೆ ಏನು ತಿಳಿಯುತ್ತದೆ ಎಂದರು ಅಧ್ಯಕ್ಷರು.

ನಲವತ್ತೊಂದು ನೆಗೆಟಿವ್‌ಗಳ ಪಟ್ಟಿಯನ್ನು ಮಾತ್ರ ನಾನೇ ಬರೆದಿಟ್ಟಿದ್ದೇನೆ. ಮೂವತ್ತೊಂಬತ್ತರ ಮುಂದೆ ‘ಗೊತ್ತಿಲ್ಲ’ ಎಂದಿದೆ. ಕೈಗಡಿಯಾರದ ಮುಂದೆ ಮುದುಕನ ಅಣ್ಣನ ಹೆಸರಿದೆ. ಸ್ಟೂಲಿನ ಮೇಲೆ ಕೂತ ಮಗುವಿನ ಮುಂದೆ ಆ ಹೆಂಗಸು ಹೇಳಿದ ಹೆಸರನ್ನೇ ಬರೆದೆ. ಪಕ್ಕದ ಷರಾ ಅಂಕಣದಲ್ಲಿ ಇಕ್ಕ ಹೇಳಿದ್ದನ್ನು ಬರೆಯುವುದು ನನ್ನ ಕಸುಬಿನ ಕರ್ತವ್ಯ. ಎರಡು ಸಲ ಪೆನ್ನು ಹಿಡಿದು ಕೂತೆ. ಬರೆಯಲಿಲ್ಲ.